ಬಸವಣ್ಣನ ನಾಣ್ಯಕ್ಕೆ ಎಷ್ಟು ಮಾರ್ಕ್ಸ್?

ರಾತ್ರಿ ಒಂಬತ್ತರ ಬುಲೆಟಿನ್ ಮುಗಿಸಿ ಮೇಕಪ್ ಒರೆಸಿಕೊಳ್ತಾ ಕೂತಿದ್ದೆ. ಬನಹಟ್ಟಿಯಿಂದ ಸೋದರಮಾವನ ಫೋನ್ ಬಂತು. ಸಾಮಾನ್ಯವಾಗಿ ಆ ಹೊತ್ತಿಗೆ ಮಾವ ಫೋನ್ ಮಾಡೋರಲ್ಲ. ಮಗ್ಗ ನಿಲ್ಲಿಸಿ, ಊಟ ಮಾಡಿ, ನಮ್ಮ ಚಾನೆಲ್ ನೋಡ್ತಾ ನೋಡ್ತಾನೇ ನಿದ್ದೆಗೆ ಜಾರೋ ಹೊತ್ತು ಅದು.

"ಅಳಿಯಾ, ನಾಣ್ಯಕ್ಕ ಗ್ರೇಡಿಂಗ್ ಅಂತ ಮಾಡ್ತಾರಂತಲ್ಲ, ಅದು ಖರೇನ ಏನು?"

"ಖರೆ ಐತಿ ಮಾಮಾ. ಯಾಕ?"

"ಒಬ್ಬಾಂವ ಫೋನ್ ಮಾಡಿದ್ದ. ನಮ್ಮ ಬಸವಣ್ಣನ ನೂರು ರೂಪಾಯಿ ನಾಣ್ಯ ಐತಲ್ಲ, ಅದು ಗ್ರೇಡಿಂಗ್ ಆತಂದ್ರ ಹದಿನೆಂಟು ಲಕ್ಷ ಬರತೈತಿ ಅಂದ. ರಜಿಸ್ಟ್ರೇಷನ್ನಿಗೆ ಅಂತ ಎರಡೂವರೆ ಸಾವಿರ ಹಾಕೀನಿ. ಈಗ ಸರ್ಟಿಫಿಕೇಟಿಗೆ ಹದಿನಾಲ್ಕು ಸಾವಿರ ಹಾಕು ಅಂತಾನ."

ಮಾವನ ಮಗಳ ಎರಡನೇ ವರ್ಷದ ಕಾಲೇಜ್ ಫೀ ಕಟ್ಟೋದಕ್ಕೆ ಹನ್ನೆರಡು ದಿನ ಬಾಕಿ ಇತ್ತು. ಆ ಹದಿನಾಲ್ಕು ಸಾವಿರ ಎಲ್ಲಿಂದ ತೆಗೆಯಲು ಹೊರಟಿದ್ದಾರೆ ಅನ್ನೋದು ಕೇಳದೇ ಗೊತ್ತಾಯ್ತು.

ಮೊದಲು ಹೇಳಬೇಕಾದ್ದನ್ನ ಮೊದಲೇ ಹೇಳಿಬಿಡ್ತೀನಿ. ನಿಮ್ಮ ನಾಣ್ಯವನ್ನ ಲಕ್ಷಗಟ್ಟಲೆ ಕೊಟ್ಟು ಕೊಳ್ತೀವಿ, ಅದಕ್ಕೂ ಮೊದಲು ನೀವೇ ಇಷ್ಟು ದುಡ್ಡು ಹಾಕಿ ಅಂತ ಯಾರು ಹೇಳಿದರೂ ಅದು ಮೋಸ. ರಿಸರ್ವ್ ಬ್ಯಾಂಕಿನ ಹೆಸರು, ಲೋಗೋ ಬಳಸಿ ಇದೇ ಆಟ ನಡೆಯುತ್ತಿದೆ ಅಂತ ಸ್ವತಃ ರಿಸರ್ವ್ ಬ್ಯಾಂಕೇ 2021ರ ಆಗಸ್ಟ್ 4ರಂದು ಎಚ್ಚರಿಕೆ ಕೊಟ್ಟಿದೆ. ಹಳೆಯ ನೋಟು, ನಾಣ್ಯ ಕೊಳ್ಳುವ ವ್ಯವಹಾರ ನಮಗಿಲ್ಲ, ಅದಕ್ಕೆ ಕಮಿಷನ್ನು, ಶುಲ್ಕ ವಸೂಲಿ ಮಾಡಲು ನಾವು ಯಾರಿಗೂ ಅಧಿಕಾರ ಕೊಟ್ಟಿಲ್ಲ ಅನ್ನೋದು ಅದರ ಸಾರಾಂಶ. ಮಾವನಿಗೆ ಆ ರಾತ್ರಿಯೇ 1930ಕ್ಕೆ ಫೋನ್ ಮಾಡಿಸಿದೆ. ಅದು ಸೈಬರ್ ವಂಚನೆಯ ದೂರು ಕೊಡುವ ನಂಬರ್. ಎಷ್ಟು ಬೇಗ ಮಾಡಿದರೆ ಅಷ್ಟು ಒಳ್ಳೆಯದು. ದುಡ್ಡು ಮುಂದಿನ ಖಾತೆಗೆ ದಾಟುವ ಮುಂಚೆ ತಡೆ ಹಾಕಿಸೋದಕ್ಕೆ ಸಾಧ್ಯತೆ ಇರೋದು ಆಗ ಮಾತ್ರ.

ಆದರೆ ಮಾವ ಕೇಳಿದ ಪ್ರಶ್ನೆ ಇತ್ತಲ್ಲ, ಅದು ಸುಳ್ಳು ಪ್ರಶ್ನೆ ಅಲ್ಲ. ಗ್ರೇಡಿಂಗ್ ಅನ್ನೋದು ನಿಜವಾಗಿಯೂ ಇದೆ. ಮೋಸಗಾರ ಇರುವ ಪದವನ್ನೇ ಹಿಡ್ಕೊಂಡು ಇಲ್ಲದ ಬೆಲೆ ಹೇಳಿದ್ದ. ಹಾಗಾಗಿ ಮುಂದಿನ ಭಾನುವಾರ ಬನಹಟ್ಟಿಗೆ ಹೋದೆ.

ಮಾವನ ಹತ್ತಿರ ಇರೋದು 2006ರಲ್ಲಿ ಕೇಂದ್ರ ಸರ್ಕಾರ ಮಹಾತ್ಮ ಬಸವೇಶ್ವರರ ಸ್ಮರಣೆಗೆ ಹೊರತಂದ ನಾಣ್ಯಗಳ ಪ್ರೂಫ್ ಸೆಟ್. ನೂರು ರೂಪಾಯಿಯದೊಂದು, ಐದು ರೂಪಾಯಿಯದೊಂದು. ಆ ಐದು ರೂಪಾಯಿ ನಾಣ್ಯ ನಿಮ್ಮ ಕೈಗೂ ಬಂದಿರಬಹುದು, ಬಸ್ಸಿನಲ್ಲಿ ಚಿಲ್ಲರೆಯಾಗಿ ಓಡಾಡಿದೆ. ಆದರೆ ನೂರರದ್ದು ಸಂಗ್ರಹಕ್ಕೆಂದೇ ಮಾಡಿದ್ದು, ಅಂಗಡಿಯಲ್ಲಿ ಸಿಗೋದಲ್ಲ. ಟಂಕಸಾಲೆಗೆ ಡಿಡಿ ಕಳಿಸಿ, ತಿಂಗಳುಗಟ್ಟಲೆ ಕಾದು ತರಿಸ್ಕೊಳ್ಳಬೇಕಿತ್ತು. ಕೂಡಲಸಂಗಮ ನಮ್ಮ ಜಿಲ್ಲೆಯಲ್ಲೇ ಇರುವಾಗ ಬಸವಣ್ಣನ ನಾಣ್ಯ ಮನೆಯಲ್ಲಿ ಇರಲೇಬೇಕು ಅಂತ ಮಾವ ಎರಡು ಸೆಟ್ ತರಿಸಿದ್ದರು. ಒಂದು ಸೆಟ್ ಡಬ್ಬಿ ಸಮೇತ ಟ್ರೆಜರಿಯಲ್ಲಿ. ಇನ್ನೊಂದರ ನೂರು ರೂಪಾಯಿ ನಾಣ್ಯ ದೇವರ ಜಗಲಿಯ ಮೇಲೆ.

ಈ ಎರಡು ನಾಣ್ಯಗಳನ್ನ ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಅರ್ಥ ಆದಷ್ಟು ಯಾವ ಪುಸ್ತಕದಲ್ಲೂ ಆಗಿರಲಿಲ್ಲ. ಅದನ್ನ ಹೇಳೋ ಮೊದಲು ಪ್ರೂಫ್ ಅಂದರೇನು ಅಂತ ಹೇಳಬೇಕು.

ತುಂಬಾ ಜನ ಪ್ರೂಫ್ ಅಂದರೆ ದರ್ಜೆ ಅಂದ್ಕೊಂಡಿದ್ದಾರೆ, ಚೆನ್ನಾಗಿರೋ ನಾಣ್ಯಕ್ಕೆಲ್ಲ ಪ್ರೂಫ್ ಅಂತಾರೆ. ಹಾಗಲ್ಲ. ಪ್ರೂಫ್ ಅನ್ನೋದು ತಯಾರಿಸುವ ವಿಧಾನ. ನಾನು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್, ಬಾಗಲಕೋಟೆಯಲ್ಲಿ. ಕಲಿತಿದ್ದು ಕೆಲಸಕ್ಕೆ ಬಂದಿದ್ದು ಇಲ್ಲೇ ಅನ್ನಿ. ಮಾಮೂಲಿ ಚಿಲ್ಲರೆ ನಾಣ್ಯವನ್ನ ಯಂತ್ರ ಒಂದೇ ಏಟಿಗೆ ಟಪ್ಪನೆ ಒತ್ತಿ ರಾಶಿಗೆ ಬೀಳಿಸುತ್ತೆ. ಪ್ರೂಫ್ ನಾಣ್ಯಕ್ಕೆ ಅಚ್ಚನ್ನೂ ಹೊಳಪು ಮಾಡ್ತಾರೆ, ಒತ್ತುವ ಬಿಲ್ಲೆಯನ್ನೂ ಹೊಳಪು ಮಾಡ್ತಾರೆ, ಹೆಚ್ಚಿನ ಒತ್ತಡದಲ್ಲಿ ಒಂದಕ್ಕಿಂತ ಹೆಚ್ಚು ಸಲ ಒತ್ತುತ್ತಾರೆ. ಆಗ ನಾಣ್ಯದ ಖಾಲಿ ಜಾಗ ಕನ್ನಡಿ ಥರ ಆಗುತ್ತೆ, ನಿಮ್ಮ ಮುಖ ಕಾಣುತ್ತೆ. ಉಬ್ಬಿದ ಚಿತ್ರ, ಅಕ್ಷರ ಇದೆಯಲ್ಲ, ಅದು ಮಂಜು ಹಿಡಿದಂತೆ ಬೆಳ್ಳಗೆ ಮಂಕಾಗಿರುತ್ತೆ. ಕನ್ನಡಿ ಭಾಗ ಬೆಳಕನ್ನ ಒಂದೇ ದಿಕ್ಕಿಗೆ ವಾಪಸ್ ಕಳಿಸುತ್ತೆ, ಮಂಕು ಭಾಗ ಎಲ್ಲಾ ದಿಕ್ಕಿಗೂ ಚದುರಿಸುತ್ತೆ. ಓರೆ ಮಾಡಿ ಹಿಡಿದರೆ ಹಿನ್ನೆಲೆ ಕಪ್ಪಾಗಿ, ಚಿತ್ರ ಮಾತ್ರ ಬೆಳ್ಳಗೆ ತೇಲಿದ ಹಾಗೆ ಕಾಣುತ್ತೆ. ಈ ವ್ಯತ್ಯಾಸ ಜೋರಾಗಿದ್ದರೆ ಗ್ರೇಡಿಂಗ್‌ನವರು ಕ್ಯಾಮಿಯೋ ಅಂತಾರೆ, ಇನ್ನೂ ಜೋರಾಗಿದ್ದರೆ ಅಲ್ಟ್ರಾ ಕ್ಯಾಮಿಯೋ. ಟಂಕಸಾಲೆ ಇದರ ಜೊತೆಗೇ ಯುಎನ್‌ಸಿ ಅಂತ ಇನ್ನೊಂದು ಥರದ ಸೆಟ್ ಕೂಡ ಮಾರುತ್ತೆ. ಅದು ಚಲಾವಣೆಗೆ ಹೋಗದ ಹೊಸ ನಾಣ್ಯ, ಆದರೆ ಪ್ರೂಫ್ ಅಲ್ಲ. ಡಬ್ಬಿ ನೋಡಿ ಮೋಸ ಹೋಗಬೇಡಿ, ಒಳಗಿನ ಚೀಟಿ ಓದಿ.

ಈ ಕನ್ನಡಿ ಇದೆಯಲ್ಲ, ಅದೇ ಈ ನಾಣ್ಯದ ಬಂಡವಾಳ, ಅದೇ ಅದರ ಶಾಪ. ಚಿಲ್ಲರೆ ನಾಣ್ಯದ ಮೇಲೆ ಕಾಣದೇ ಹೋಗುವ ಗೀರು ಇಲ್ಲಿ ಮೊಬೈಲ್ ಸ್ಕ್ರೀನ್ ಮೇಲಿನ ಗೀರಿನ ಹಾಗೆ ಎದ್ದು ಕಾಣುತ್ತೆ.

ಜಗಲಿ ಮೇಲಿನ ನಾಣ್ಯವನ್ನ ಮೊದಲು ಕಿಟಕಿ ಹತ್ತಿರ ತಂದೆ. ಅತ್ತೆ ಪ್ರತಿ ಬಸವ ಜಯಂತಿಗೂ, ದೀಪಾವಳಿಗೂ ಅದನ್ನ ವಿಭೂತಿ ಹಚ್ಚಿ ತಿಕ್ಕಿ ಫಳಫಳ ಮಾಡಿದ್ದಾರೆ. ಬೆಳ್ಳಿ ಸಾಮಾನನ್ನ ನಮ್ಮ ಕಡೆ ಹಾಗೇ ಬೆಳಗೋದು. ಮಾಮೂಲಿ ಬೆಳಕಿನಲ್ಲಿ ನೋಡಿದರೆ ಇದೇ ಚೆನ್ನಾಗಿದೆ ಅನ್ನಿಸುತ್ತೆ. ಬಲ್ಬಿನ ಕೆಳಗೆ ಓರೆ ಮಾಡಿದಾಗ ಕಂಡಿದ್ದು ಬೇರೆ. ಕನ್ನಡಿ ಭಾಗದ ತುಂಬಾ ಒಂದೇ ದಿಕ್ಕಿಗೆ ಎಳೆದ ಕೂದಲೆಳೆಯಂಥ ಗೀರುಗಳು. ಬಸವಣ್ಣನವರ ಚಿತ್ರದ ಮೇಲಿನ ಮಂಜು ಸವೆದು ಉಬ್ಬಿದ ಕಡೆಯೆಲ್ಲ ಹೊಳೆಯೋದಕ್ಕೆ ಶುರುವಾಗಿದೆ. ವಿಭೂತಿ ಎಷ್ಟು ನುಣುಪಾದರೂ ಲೋಹದ ಕನ್ನಡಿಗೆ ಅದು ಉಜ್ಜುಪುಡಿಯೇ. ಹುಣಸೆಹಣ್ಣು, ಟೂತ್‌ಪೇಸ್ಟ್, ಸೋಪಿನ ಪುಡಿ, ಮೆತ್ತಗಿನ ಪಂಚೆ ಬಟ್ಟೆ, ಯಾವುದೂ ಬೇರೆ ಅಲ್ಲ. ಇಂಥ ನಾಣ್ಯವನ್ನ ಗ್ರೇಡಿಂಗ್‌ಗೆ ಕಳಿಸಿದರೆ ಅಂಕವೇ ಬರೋದಿಲ್ಲ. ಡೀಟೇಲ್ಸ್ ಅಂತ ಬರೆದು, ಪಕ್ಕದಲ್ಲಿ ಕ್ಲೀನ್ಡ್ ಅಂತ ಸೇರಿಸಿ ವಾಪಸ್ ಬರುತ್ತೆ. ಅಂದರೆ ಅಸಲಿ ನಾಣ್ಯ, ಆದರೆ ಉಜ್ಜಿದ್ದಾರೆ ಅಂತ. ಶುಲ್ಕ ಮಾತ್ರ ಪೂರ್ತಿ.

ಅತ್ತೆಗೆ ಇದನ್ನ ಹೇಳೋದು ಹೇಗೆ ಅಂತ ನಾನು ಯೋಚಿಸ್ತಿದ್ದೆ. ಅವರೇ ಹೇಳಿದರು: "ದೇವರ ಮುಂದ ಇಟ್ಟದ್ದು ನಾವೇನ ಮಾರಾಕ ಇಟ್ಟಿದ್ವ?" ಸರಿ ತಾನೇ.

ಟ್ರೆಜರಿಯ ಸೆಟ್ ತೆಗೆದರೆ ಇನ್ನೊಂದು ಕಥೆ. ಕೈ ತಾಗಿಲ್ಲ, ಗೀರು ಇಲ್ಲ, ಕನ್ನಡಿ ಹಾಗೇ ಇದೆ. ಆದರೆ ಅಂಚಿನಲ್ಲಿ ತಿಳಿ ಕಂದು ಬಣ್ಣ ಏರಿದೆ, ಒಂದು ಕಡೆ ಸಣ್ಣ ಮಸುಕು. ಕಾರಣ ಹುಡುಕೋದು ಕಷ್ಟ ಆಗಲಿಲ್ಲ, ಡಬ್ಬಿಗೆ ಮಾವ ಎರಡು ರಬ್ಬರ್ ಬ್ಯಾಂಡ್ ಸುತ್ತಿದ್ದರು. ರಬ್ಬರ್‌ನಲ್ಲಿ ಗಂಧಕ ಇರುತ್ತೆ, ಗಂಧಕ ಬೆಳ್ಳಿಯನ್ನೂ ತಾಮ್ರವನ್ನೂ ಕಪ್ಪು ಮಾಡುತ್ತೆ. ಈ ನೂರು ರೂಪಾಯಿ ನಾಣ್ಯ ಶುದ್ಧ ಬೆಳ್ಳಿ ಅಲ್ಲ ಅನ್ನೋದೂ ಗೊತ್ತಿರಲಿ. ತೂಕ 35 ಗ್ರಾಂ, ಅಗಲ 44 ಮಿಲಿಮೀಟರ್, ಅದರಲ್ಲಿ ಬೆಳ್ಳಿ ಶೇಕಡಾ 50, ತಾಮ್ರ 40, ನಿಕ್ಕಲ್ 5, ಸತು 5. ಹೊಸ ಸಂಸತ್ ಭವನದ ಉದ್ಘಾಟನೆಗೆ 2023ರಲ್ಲಿ ಬಂದ 75 ರೂಪಾಯಿ ನಾಣ್ಯದ ಲೋಹವೂ ಇದೇ, ಟಿವಿಯಲ್ಲಿ ನಾವೇ ದಿನವಿಡೀ ತೋರಿಸಿದ್ದೆವು. ತಾಮ್ರ ಇಷ್ಟೊಂದು ಇರುವಾಗ ಬಣ್ಣ ತಿರುಗೋದು ಬೇಗ. ಮೆತ್ತಗಿನ ಪಿವಿಸಿ ಪ್ಲಾಸ್ಟಿಕ್ ಚೀಲದಲ್ಲಿ ವರ್ಷಗಟ್ಟಲೆ ಇಟ್ಟರೆ ಹಸಿರು ಅಂಟು ಕೂರುತ್ತೆ. ಅದು ಇನ್ನೂ ಕೆಟ್ಟದ್ದು, ಲೋಹವನ್ನೇ ತಿನ್ನುತ್ತೆ.

ಈಗ ಗ್ರೇಡಿಂಗ್ ವಿಷಯಕ್ಕೆ ಬರೋಣ. 1ರಿಂದ 70ರವರೆಗಿನ ಈ ಅಂಕದ ಪದ್ಧತಿ ಹುಟ್ಟಿದ್ದು ಅಮೆರಿಕದಲ್ಲಿ, 1949ರಲ್ಲಿ. ವಿಲಿಯಂ ಶೆಲ್ಡನ್ ಅನ್ನೋರು ಅಲ್ಲಿನ ಹಳೇ ತಾಮ್ರದ ಸೆಂಟ್ ನಾಣ್ಯಗಳ ಬಗ್ಗೆ ಬರೆದ ಪುಸ್ತಕದಲ್ಲಿ ಇದನ್ನ ತಂದರು. ಅವರ ಲೆಕ್ಕ ಸರಳ: ಪೂರ್ತಿ ಸವೆದ ನಾಣ್ಯ 1 ಡಾಲರ್ ಬಾಳಿದರೆ, ಅತ್ಯುತ್ತಮ ಸ್ಥಿತಿಯದು 70 ಡಾಲರ್ ಬಾಳುತ್ತೆ. ಅಂದರೆ ಅದು ಹುಟ್ಟಿದಾಗ ಬೆಲೆಯ ಲೆಕ್ಕವೇ ಆಗಿತ್ತು, ಗುಣದ ಅಳತೆ ಅಲ್ಲ. ಇದೇ ಶೆಲ್ಡನ್ ಸಾಹೇಬರು ಅಮೆರಿಕದ ನಾಣ್ಯಶಾಸ್ತ್ರ ಸಂಸ್ಥೆಯೊಂದರ ಸಂಗ್ರಹದಿಂದ ಒಳ್ಳೊಳ್ಳೆ ಸೆಂಟುಗಳನ್ನ ಎತ್ತಿಕೊಂಡು ಆ ಜಾಗಕ್ಕೆ ಕಡಿಮೆ ದರ್ಜೆಯವನ್ನ ಇಟ್ಟಿದ್ದರು ಅನ್ನೋದು ಆಮೇಲೆ ಬಯಲಾಯ್ತು. ಅದಿರಲಿ.

ಇವತ್ತು ಜಗತ್ತಿನಾದ್ಯಂತ ಹೆಸರು ಮಾಡಿರೋದು ಅಮೆರಿಕದ ಎರಡು ಸಂಸ್ಥೆಗಳು. 1986ರಲ್ಲಿ ಕೆಲಸ ಶುರು ಮಾಡಿದ ಪಿಸಿಜಿಎಸ್, 1987ರಲ್ಲಿ ಬಂದ ಎನ್‌ಜಿಸಿ. ನಾಣ್ಯ ಅಸಲಿಯೋ ನಕಲಿಯೋ ನೋಡಿ, ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ, ನಂಬರ್ ಹಾಕಿ ಕೊಡ್ತಾರೆ. ಆ ಡಬ್ಬಿಗೆ ಸ್ಲ್ಯಾಬ್ ಅಂತ ಹೆಸರು. ಪ್ರೂಫ್ ನಾಣ್ಯಕ್ಕೆ ಎನ್‌ಜಿಸಿ ಪಿಎಫ್ ಅಂತ ಬರೆಯುತ್ತೆ, ಪಿಸಿಜಿಎಸ್ ಪಿಆರ್ ಅಂತ. ಟಂಕಸಾಲೆಯಿಂದ ಬಂದಮೇಲೆ ಜೋಪಾನವಾಗಿದ್ದ ಪ್ರೂಫ್ ನಾಣ್ಯಕ್ಕೆ ಸಾಮಾನ್ಯವಾಗಿ 60ರಿಂದ 70ರ ಒಳಗೇ ಅಂಕ. ಐದು ಪಟ್ಟು ದೊಡ್ಡದು ಮಾಡಿ ನೋಡಿದರೂ ಟಂಕಸಾಲೆ ಬಿಟ್ಟ ಮೇಲೆ ಆದ ದೋಷ ಒಂದೂ ಕಾಣದಿದ್ದರೆ ಎನ್‌ಜಿಸಿಯಲ್ಲಿ 70.

ನನ್ನೊಳಗಿನ ಇಂಜಿನಿಯರ್‌ಗೆ ಇಲ್ಲೊಂದು ತಕರಾರಿದೆ. ಕಾಲೇಜಿನ ಲ್ಯಾಬ್‌ನಲ್ಲಿ ನಾವು ಮೇಲ್ಮೈಯ ಒರಟುತನ ಅಳೆಯೋದಕ್ಕೆ ಸೂಜಿ ಓಡಿಸುವ ಯಂತ್ರ ಬಳಸ್ತಿದ್ದೆವು. ಯಾರು ಓಡಿಸಿದರೂ ಹೆಚ್ಚುಕಮ್ಮಿ ಅದೇ ಮೈಕ್ರಾನ್ ಬರಬೇಕು. ಗ್ರೇಡಿಂಗ್ ಹಾಗಲ್ಲ. ಅನುಭವ ಇರುವ ಕೆಲವರು ಕಣ್ಣಲ್ಲಿ ನೋಡಿ ಕೊಡುವ ಅಭಿಪ್ರಾಯ ಅದು. ಅದೇ ನಾಣ್ಯವನ್ನ ಸ್ಲ್ಯಾಬ್ ಒಡೆದು ಇನ್ನೊಮ್ಮೆ ಕಳಿಸಿ ಒಂದು ಅಂಕ ಜಾಸ್ತಿ ಬರುತ್ತಾ ಅಂತ ನೋಡುವವರೂ ಇದ್ದಾರೆ, ಕೆಲವೊಮ್ಮೆ ಬರುತ್ತೆ ಕೂಡ.

ಇದನ್ನ ಮಾವನಿಗೆ ಹೇಳಿದಾಗ ಪಕ್ಕದಲ್ಲಿ ಕೂತಿದ್ದ ಮುಧೋಳದ ಬೀಗರು ತಟ್ಟನೆ ಅಂದರು, "ಕಬ್ಬಿನ ರಿಕವರಿ ಇದ್ದಂಗ ಆತಲ್ಲಪಾ!" ನಾನು ಅರ್ಧ ಗಂಟೆಯಿಂದ ಹೇಳ್ತಿದ್ದುದನ್ನ ಅವರು ಒಂದೇ ಮಾತಲ್ಲಿ ಹೇಳಿದ್ದರು. ಮುಧೋಳ, ಜಮಖಂಡಿ, ಬೀಳಗಿ ಕಡೆಯ ರೈತರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ. ಕೇಂದ್ರ ಕಬ್ಬಿನ ದರ ಕಟ್ಟೋದು ಶೇಕಡಾ 10.25ರ ರಿಕವರಿ ಹಿಡಿದು. ಕಬ್ಬು ನಿಮ್ಮದು, ರಿಕವರಿ ನಂಬರ್ ಕಾರ್ಖಾನೆಯದು, ದುಡ್ಡು ನಿಂತಿರೋದು ನಂಬರ್ ಮೇಲೆ. ಅಳೆಯುವವನ ಮೇಲೆ ಎಷ್ಟು ನಂಬಿಕೆಯೋ ಅಷ್ಟು ಆ ನಂಬರಿನ ಬೆಲೆ. ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಾದರೆ ಕೊಳ್ಳುವವನು ಪೆಂಟೆಯ ಮುಂದೆ ನಿಂತು ಬಣ್ಣ ನೋಡ್ತಾನೆ, ಉಗುರಲ್ಲಿ ಕೆರೆದು ಬಾಯಿಗೆ ಹಾಕ್ಕೊಳ್ತಾನೆ. ಅಲ್ಲಿ ನಂಬರ್ ಬೇಕಾಗೇ ಇಲ್ಲ. ನಾಣ್ಯಕ್ಕೂ ಅಷ್ಟೇ. ಕೊಳ್ಳುವವನು ಎದುರಿಗೆ ಕೂತು ಕೈಯಲ್ಲಿ ಹಿಡಿದು ನೋಡೋದಾದರೆ ಗ್ರೇಡಿಂಗ್ ಯಾಕೆ? ಕಾಣದ ಊರಿನ ಕಾಣದ ಗಿರಾಕಿಗೆ ಮಾರುವಾಗ ಮಾತ್ರ ಮೂರನೆಯವರ ಮಾತಿಗೆ ಬೆಲೆ.

ಹಾಗಾದರೆ ಮಾವನ ಸೆಟ್ ಕಳಿಸಬೇಕೋ ಬೇಡವೋ? ಒಂದು ಲೆಕ್ಕ ಹಾಕಿದೆವು. ಇಲ್ಲಿರುವ ಅಂಕಿಗಳು ಉದಾಹರಣೆಗೆ ಹಿಡಿದವು, ಪೇಟೆ ದರ ಅಲ್ಲ. ನಾಣ್ಯ ಈಗಿರುವ ಹಾಗೇ ಮಾರಿದರೆ 6,000 ರೂಪಾಯಿ ಬರುತ್ತೆ ಅಂದುಕೊಳ್ಳಿ. ಪಿಎಫ್ 69 ಬಂದರೆ 12,000. ಅದಕ್ಕಿಂತ ಕಡಿಮೆ ಅಂಕ ಬಂದರೆ 6,500. ಡೀಟೇಲ್ಸ್ ಅಂತ ಬಂದರೆ 4,000. ಶುಲ್ಕ, ಏಜೆಂಟರ ಕಮಿಷನ್ನು, ಕೊರಿಯರ್, ವಿಮೆ ಎಲ್ಲ ಸೇರಿ ಖರ್ಚು 4,000. ಹತ್ತರಲ್ಲಿ ಎರಡು ಸಲ 69, ಐದು ಸಲ ಮಧ್ಯದ್ದು, ಮೂರು ಸಲ ಡೀಟೇಲ್ಸ್ ಅಂತಿಟ್ಟುಕೊಂಡರೆ ಸರಾಸರಿ ಸಿಗೋದು 6,850. ಖರ್ಚು ಕಳೆದರೆ ಕೈಗೆ 2,850. ಸುಮ್ಮನೆ ಮಾರಿದ್ದರೆ 6,000 ಬರ್ತಿತ್ತು! ಮಾವ ಬಿಡಲಿಲ್ಲ, "ನಮ್ಮ ನಾಣ್ಯ ಛಲೋ ಐತಿ, ಹತ್ತರಾಗ ಐದು ಸಲ ಬರತೈತಿ ಅಂತ ಹಿಡಿ" ಅಂದರು. ಹಿಡಿದೆ. ನಾಲ್ಕು ಸಲ ಮಧ್ಯದ್ದು, ಒಂದು ಸಲ ಡೀಟೇಲ್ಸ್. ಸರಾಸರಿ 9,000, ಖರ್ಚು ಕಳೆದು 5,000. ಆಗಲೂ ನಷ್ಟವೇ.

ಇದೇ ಲೆಕ್ಕಕ್ಕೆ ಒಂದೊಂದು ಸೊನ್ನೆ ಸೇರಿಸಿ ನೋಡಿ. ನಾಣ್ಯ 60,000ದ್ದು, 69 ಬಂದರೆ 1,20,000, ಖರ್ಚು ಮಾತ್ರ ಹಳೆಯ 4,000ದ ಆಸುಪಾಸು. ಆಗ ಮಾತೇ ಬೇರೆ. ಸ್ವತಂತ್ರ ಭಾರತದ ಮೊದಲ ಪ್ರೂಫ್ ಸೆಟ್ 1950ರದ್ದು. ಅಂಥ ವಿರಳ ಸೆಟ್ ತಾತನ ಪೆಟ್ಟಿಗೆಯಲ್ಲಿ ಸಿಕ್ಕಿದರೆ ಅಂಕಕ್ಕಿಂತ ಮೊದಲು ಅಸಲಿ ಅನ್ನೋ ಮುದ್ರೆಗೋಸ್ಕರವೇ ಕಳಿಸಬಹುದು. ಆದರೆ ನಮ್ಮ ಕಡೆ ಹೆಚ್ಚಾಗಿ ಸಿಗೋದು 1969ರ ಗಾಂಧಿ ಶತಮಾನೋತ್ಸವದ ಹತ್ತು ರೂಪಾಯಿ. 15 ಗ್ರಾಂ ತೂಕ, ಶೇಕಡಾ 80 ಬೆಳ್ಳಿ. ಪೆಟ್ಟಿಗೆಗಳಲ್ಲಿರೋದು ಬಹುತೇಕ ಮಾಮೂಲಿ ಅಚ್ಚಿನವು, ಪ್ರೂಫ್ ಅಲ್ಲ. ಕನ್ನಡಿ ಇದೆಯಾ ನೋಡಿ. ಇಲ್ಲದಿದ್ದರೆ ಒಳಗಿರುವ 12 ಗ್ರಾಂ ಬೆಳ್ಳಿಯ ಬೆಲೆಯ ಆಸುಪಾಸಿನಲ್ಲೇ ಮಾತಾಡಬೇಕು.

ಮಾವನ ನೂರು ರೂಪಾಯಿ ನಾಣ್ಯದಲ್ಲಿ ಇರೋದು 17.5 ಗ್ರಾಂ ಬೆಳ್ಳಿ. ಲೆಕ್ಕಕ್ಕೆ ಸುಲಭ ಆಗಲಿ ಅಂತ ಕೆಜಿಗೆ ಒಂದು ಲಕ್ಷ ಹಿಡಿದರೆ 1,750 ರೂಪಾಯಿ. ದರ ಎರಡು ಪಟ್ಟಾದರೆ 3,500. ಹದಿನೆಂಟು ಲಕ್ಷ ಎಲ್ಲಿಂದ ಬಂತು ಸ್ವಾಮಿ? ಹಾಗಂತ ಕರಗಿಸೋ ಯೋಚನೆಯೂ ಬೇಡ, 2011ರ ನಾಣ್ಯ ಕಾಯ್ದೆಯ ಪ್ರಕಾರ ಸರ್ಕಾರದ ನಾಣ್ಯ ಕರಗಿಸೋದು ಅಪರಾಧ.

ಇನ್ನೂ ಒಂದು ವಿಷಯ ಈ ಲೆಕ್ಕದಲ್ಲಿ ಬಂದಿಲ್ಲ. ಗ್ರೇಡಿಂಗ್ ಆಗಬೇಕಾದರೆ ನಾಣ್ಯವನ್ನ ಟಂಕಸಾಲೆಯ ಡಬ್ಬಿಯಿಂದ ಬಿಡಿಸಬೇಕು. ನಮ್ಮ ದೇಶದ ಸಂಗ್ರಹಕಾರರಿಗೆ ಆ ಡಬ್ಬಿ, ಆ ಚೀಟಿ, ಆ ಜೋಡಿ ಹಾಗೇ ಇರೋದು ಮುಖ್ಯ. ಬಿಡಿಸಿದ ಮೇಲೆ ಅದು ಸೆಟ್ ಅಲ್ಲ, ಎರಡು ಬಿಡಿ ನಾಣ್ಯ.

ನಿಮ್ಮದರ ನಿಜವಾದ ಬೆಲೆ ತಿಳಿಯಬೇಕಾ? ಆನ್‌ಲೈನ್ ಜಾಹೀರಾತಿನಲ್ಲಿ ಯಾರೋ ಕೇಳಿರುವ ಬೆಲೆ ನೋಡಬೇಡಿ. ಕೇಳೋದಕ್ಕೇನು, ಯಾರು ಎಷ್ಟು ಬೇಕಾದರೂ ಕೇಳಬಹುದು. ಬೆಂಗಳೂರಿನ ಮರುಧರ್ ಆರ್ಟ್ಸ್, ಮುಂಬೈನ ಟೋಡಿವಾಲಾ ಥರದ ಹರಾಜು ಸಂಸ್ಥೆಗಳು ಹಿಂದಿನ ಹರಾಜುಗಳಲ್ಲಿ ಯಾವ ನಾಣ್ಯ ಎಷ್ಟಕ್ಕೆ ಹೋಯ್ತು ಅಂತ ಪ್ರಕಟಿಸುತ್ತವೆ. ಮಾರಿ ಮುಗಿದ ಬೆಲೆ ಅದು. ಗ್ರೇಡಿಂಗ್ ಆದದ್ದು, ಆಗದ್ದು ಎರಡನ್ನೂ ಅಲ್ಲಿ ಹುಡುಕಿ, ನಡುವಿನ ಅಂತರ ಎಷ್ಟು ನೋಡಿ. ಆ ಅಂತರ ನಿಮ್ಮ ಒಟ್ಟು ಖರ್ಚಿನ ಮೂರ್ನಾಲ್ಕು ಪಟ್ಟು ಇಲ್ಲದಿದ್ದರೆ ನಾನಂತೂ ಕಳಿಸಲ್ಲ. ಈಗಾಗಲೇ ಸ್ಲ್ಯಾಬ್‌ನಲ್ಲಿರೋದನ್ನ ಕೊಳ್ಳುವಾಗ ಅದರ ಮೇಲಿನ ನಂಬರನ್ನ ಸಂಸ್ಥೆಯ ವೆಬ್‌ಸೈಟಿನಲ್ಲಿ ನೀವೇ ಟೈಪ್ ಮಾಡಿ ನೋಡಿ, ಮಾರುವವನು ಕಳಿಸಿದ ಲಿಂಕ್ ಒತ್ತಬೇಡಿ. ಸ್ಲ್ಯಾಬೂ ನಕಲಿ ಬರ್ತವೆ.

ಬೀಗರು ಎದ್ದು ಹೋಗುವ ಮುಂಚೆ ಅವರ ಸಂಚಿಯಿಂದ ಜಾರ್ಜ್ ರಾಜನ 1918ರ ಬೆಳ್ಳಿ ರೂಪಾಯಿ ತೆಗೆದು, "ಇದನ್ನೂ ಅಮೆರಿಕಾಕ್ಕ ಕಳಸೂಣೇನು?" ಅಂದರು. ಬೇಡವೇ ಬೇಡ ಅಂದೆ. ನೂರು ವರ್ಷ ದಾಟಿದ ನಾಣ್ಯ 1972ರ ಪ್ರಾಚ್ಯವಸ್ತು ಕಾಯ್ದೆಯಡಿ ಪ್ರಾಚ್ಯವಸ್ತು, ಅದನ್ನ ಖಾಸಗಿಯವರು ದೇಶದ ಆಚೆ ಕಳಿಸುವಂತಿಲ್ಲ. ಮಾರಾಟಕ್ಕಲ್ಲ, ಬರೀ ಅಂಕಕ್ಕೆ ಕಳಿಸ್ತೀನಿ ಅಂದರೂ ಗಡಿ ದಾಟಿದರೆ ದಾಟಿದ ಹಾಗೇ. ಹೊಲ ಉಳುವಾಗ, ಪಾಯ ತೋಡುವಾಗ ಸಿಕ್ಕಿದ್ದಾದರೆ ಅದಕ್ಕೆ ನಿಧಿ ಕಾಯ್ದೆಯೇ ಬೇರೆ ಇದೆ, ಮೊದಲು ಸರ್ಕಾರಕ್ಕೆ ತಿಳಿಸಬೇಕು.

ಮಾವನ ಎರಡೂವರೆ ಸಾವಿರ ಇನ್ನೂ ವಾಪಸ್ ಬಂದಿಲ್ಲ. ಮಗಳ ಫೀಗೆ ಸೊಸೈಟಿಯಿಂದ ಸಾಲ ತೆಗೆದರು, ಒಂದಿಷ್ಟು ನಾನೂ ಹಾಕಿದೆ. ಸೆಟ್ ಮಾರಲಿಲ್ಲ. ಡಬ್ಬಿಯ ರಬ್ಬರ್ ಬ್ಯಾಂಡ್ ಕಿತ್ತು, ಹತ್ತಿ ದಾರ ಕಟ್ಟಿ ಟ್ರೆಜರಿಗೆ ವಾಪಸ್ ಇಟ್ಟಿದ್ದಾರೆ, ಬನಹಟ್ಟಿಯಲ್ಲಿ ನೂಲಿಗೇನು ಬರ. ಜಗಲಿ ಮೇಲಿನ ನಾಣ್ಯವನ್ನ ಅತ್ತೆ ಈ ಬಸವ ಜಯಂತಿಗೂ ವಿಭೂತಿ ಹಚ್ಚಿ ತಿಕ್ಕಿದ್ದಾರೆ, ವಾಟ್ಸ್ಆ್ಯಪ್‌ನಲ್ಲಿ ಫೋಟೋ ಬಂದಿತ್ತು.